ಹತ್ತನೇ ಕ್ಲಾಸಿನವರೆಗೆ ಬಿಸಿಯೂಟ. ಆಮೇಲೆ ಕಾಲೇಜಿನ ಮಕ್ಕಳು ಮಧ್ಯಾಹ್ನ ಏನು ತಿನ್ನಬೇಕು?

ಸಿಂಧನೂರು ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಈ ಗುಂಪಿನಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ.

ನಮ್ಮ ಕಾಲೇಜುಗಳಲ್ಲಿ ಮಧ್ಯಾಹ್ನ ಊಟ ಮಾಡದೆ ಕೂರುವ ಮಕ್ಕಳು ತುಂಬಾ ಇದ್ದಾರೆ. ಹೊರಗಿನವರಿಗೆ ಇದು ಕಾಣುವುದಿಲ್ಲ. ಊಟದ ಬಿಡುವಿನಲ್ಲಿ ಅವರು ಗ್ರಂಥಾಲಯಕ್ಕೆ ಹೋಗುತ್ತಾರೆ, ಇಲ್ಲ ಬೇವಿನ ಮರದ ಕೆಳಗೆ ಫೋನ್ ಹಿಡಿದು ಕೂರುತ್ತಾರೆ. ಕೇಳಿದರೆ "ಬೆಳಿಗ್ಗೆ ತಿಂದು ಬಂದೀನಿ ಮೇಡಂ, ಹಸಿವಿಲ್ಲ" ಅನ್ನುತ್ತಾರೆ. ಹಳ್ಳಿಯಿಂದ ಏಳರ ಬಸ್ಸಿಗೆ ಬಂದವರು ಏನು ತಿಂದಿರುತ್ತಾರೆ? ಅಷ್ಟೊತ್ತಿಗೆ ಮನೆಯಲ್ಲಿ ಆಗಿರುವುದು ಚಹಾ ಮಾತ್ರ. ತಾಯಿ ಹತ್ತಿ ಬಿಡಿಸಲೋ, ಭತ್ತದ ನಾಟಿಗೋ ಹೊರಟಿರುತ್ತಾಳೆ. ಮಕ್ಕಳು ವಾಪಸ್ ಮನೆ ಮುಟ್ಟುವುದು ಸಂಜೆ ಆರು, ಏಳು. ಪ್ರಾಕ್ಟಿಕಲ್ ಇದ್ದ ದಿನ ಇನ್ನೂ ತಡ. ಮಧ್ಯಾಹ್ನದ ಕ್ಲಾಸಿನಲ್ಲಿ ತಲೆನೋವು, ತೂಕಡಿಕೆ. ಕೆಲವರು ಇದನ್ನು ಸೋಮಾರಿತನ ಅನ್ನುತ್ತಾರೆ. ಹಸಿವು ಅನ್ನಬೇಕು.

2002ರ ಜೂನ್‌ನಲ್ಲಿ ಅಕ್ಷರ ದಾಸೋಹ, ಅಂದರೆ ಶಾಲೆಯ ಬಿಸಿಯೂಟದ ಯೋಜನೆ, ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ಶುರುವಾಗಿದ್ದು ಉತ್ತರದ ಏಳು ಜಿಲ್ಲೆಗಳಲ್ಲಿ. ನಮ್ಮ ಮೂರೂ ಜಿಲ್ಲೆ ಅದರಲ್ಲಿದ್ದವು. ಆಗ ಐದನೇ ಕ್ಲಾಸಿನವರೆಗೆ ಇತ್ತು. ಆಮೇಲೆ ಏಳರವರೆಗೆ, 2007ರ ಹೊತ್ತಿಗೆ ಹತ್ತರವರೆಗೆ ಬಂತು. ಅಲ್ಲಿಗೆ ನಿಂತಿತು. ಹತ್ತು ವರ್ಷ ಶಾಲೆಯಲ್ಲಿ ಬಿಸಿ ಅನ್ನ ಉಂಡ ಹುಡುಗಿಗೆ ಪಿಯುಸಿ ಸೇರಿದ ದಿನದಿಂದ ಅದು ಇಲ್ಲ. ಅವಳ ಮನೆಯ ಆದಾಯ ಏನೂ ಬದಲಾಗಿಲ್ಲ. ಕಾಲೇಜು ಮಾತ್ರ ಊರಿಂದ ದೂರ ಆಗಿದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸರ್ಕಾರಿ ಪಿಯು ಮತ್ತು ಪದವಿ ಕಾಲೇಜುಗಳಲ್ಲಿ ಮಧ್ಯಾಹ್ನ ಒಂದು ಊಟ ಸಿಗಬೇಕು. ಬಡವರು ಯಾರು ಎಂದು ಆರಿಸದೆ, ಬೇಕು ಅಂದವರಿಗೆಲ್ಲ ಸಿಗಬೇಕು. ಇದು ಹೇಗೆ ಆಗಬಹುದು, ಎಲ್ಲಿ ತೊಡಕು ಬರುತ್ತದೆ, ಗೊತ್ತಿದ್ದವರು ಬರೆಯಿರಿ. ವಿದ್ಯಾರ್ಥಿಗಳು ಬರೆದರೆ ಇನ್ನೂ ಒಳ್ಳೆಯದು.

ಮಾನ್ವಿ ಹುಡುಗ

ಮೇಡಂ, ನಾನು ರಾಯಚೂರಿನಲ್ಲಿ ಬಿಎಸ್ಸಿ ಎರಡನೇ ವರ್ಷ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಮೂರು ಜನ ಸೇರಿ ರೂಮ್ ಮಾಡಿದ್ದೇವೆ.

ನಮ್ಮ ಊಟದ ಲೆಕ್ಕ ಹೀಗಿದೆ. ಊರಿಂದ ಅಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಮ್ಮೊಮ್ಮೆ ಪುಂಡಿಪಲ್ಯ ಬಸ್ಸಿಗೆ ಹಾಕಿ ಕಳಿಸುತ್ತಾರೆ. ಕಂಡಕ್ಟರ್ ಅಣ್ಣಂದಿರು ಒಳ್ಳೆಯವರು, ಸೀಟಿನ ಕೆಳಗೆ ಇಟ್ಟುಕೊಂಡು ಬರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಕಾಯುತ್ತಾ ನಿಂತ ಹುಡುಗರನ್ನು ನೀವೂ ನೋಡಿರುತ್ತೀರಿ. ರೊಟ್ಟಿ ಇರುವವರೆಗೆ ತೊಂದರೆ ಇಲ್ಲ. ರಾತ್ರಿ ಅನ್ನ ಮಾಡಿಕೊಳ್ಳುತ್ತೇವೆ. ತಿಂಗಳ ಕೊನೆಗೆ ಗ್ಯಾಸ್ ಮುಗಿಯುತ್ತದೆ, ಇಲ್ಲ ದುಡ್ಡು ಮುಗಿಯುತ್ತದೆ. ಆಗ ಬೆಳಿಗ್ಗೆ ಒಂದು ಪ್ಲೇಟ್ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದರೆ ರಾತ್ರಿವರೆಗೆ ಅದೇ. ಮಂಡಕ್ಕಿ ಬೇಗ ಹೊಟ್ಟೆ ತುಂಬಿಸುತ್ತದೆ, ಬೇಗ ಖಾಲಿಯೂ ಆಗುತ್ತದೆ.

ಮದುವೆ ಸೀಸನ್‌ನಲ್ಲಿ ಕ್ಯಾಟರಿಂಗ್ ಕೆಲಸಕ್ಕೆ ಹೋಗುತ್ತೇವೆ. ಬಡಿಸುವ ಕೆಲಸ. ಕೂಲಿಯೂ ಸಿಗುತ್ತದೆ, ಊಟವೂ ಸಿಗುತ್ತದೆ. ಅಲ್ಲಿ ಬರುವ ಹುಡುಗರಲ್ಲಿ ಕಾಲೇಜಿನವರೇ ಜಾಸ್ತಿ. ಇಂಟರ್ನಲ್ಸ್ ಇದ್ದರೂ ಹೋಗುವವರಿದ್ದಾರೆ.

ಲಿಂಗಸುಗೂರು ಮಾಸ್ತರ್

ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ನಾನು ನಿವೃತ್ತ ಶಿಕ್ಷಕ, ಬಿಸಿಯೂಟ ಶುರುವಾದ ದಿನಗಳನ್ನು ಶಾಲೆಯಲ್ಲೇ ನೋಡಿದವನು. ಹಾಜರಾತಿ ಏರಿದ್ದು ನನಗೆ ಗೊತ್ತು. ಆದರೂ ಕೆಲವು ಪ್ರಶ್ನೆ ಕೇಳಲೇಬೇಕು.

ಪದವಿ ಮಕ್ಕಳು ಹದಿನೆಂಟು ದಾಟಿದವರು. ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ತಾಯಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಇಲ್ಲ. ಇಷ್ಟಿದ್ದೂ ಒಂದು ಡಬ್ಬಿ ಕಟ್ಟಿಕೊಂಡು ಬರಲು ಆಗುವುದಿಲ್ಲವೇ? ಕೈಯಲ್ಲಿ ಸ್ಮಾರ್ಟ್‌ಫೋನ್ ಇರುತ್ತದೆ, ರೀಚಾರ್ಜ್ ಇರುತ್ತದೆ. ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಇರುವ ಯೋಜನೆಯೂ ಸರಿಯಾಗಿ ನಡೆಯುವುದಿಲ್ಲ.

ಬಳ್ಳಾರಿ ಜೀನ್ಸ್

ಮಾಸ್ತರರಿಗೆ ನಮಸ್ಕಾರ. ನಾನು ಬಿಕಾಂ ಓದುತ್ತಾ ಸಂಜೆ ಜೀನ್ಸ್ ಹೊಲಿಯುವ ಘಟಕದಲ್ಲಿ ದಾರ ಕತ್ತರಿಸುವ, ಮಡಚುವ ಕೆಲಸ ಮಾಡುತ್ತೇನೆ. ಫೋನಿನ ಮಾತು ಎಲ್ಲ ಕಡೆ ಬರುತ್ತದೆ, ಅದಕ್ಕೆ ಉತ್ತರ ಕೊಡುತ್ತೇನೆ.

ಪ್ರವೇಶದ ಅರ್ಜಿ ಫೋನಿನಲ್ಲಿ. ಸ್ಕಾಲರ್‌ಶಿಪ್ ಅರ್ಜಿ, ಅದರ ಒಟಿಪಿ ಫೋನಿನಲ್ಲಿ. ಹಾಸ್ಟೆಲ್ ಅರ್ಜಿ ಫೋನಿನಲ್ಲಿ. ನೋಟ್ಸ್, ಪರೀಕ್ಷೆ ಶುಲ್ಕ, ಫಲಿತಾಂಶ ಎಲ್ಲ ಅದರಲ್ಲೇ. ನಂಬರ್ ಬಂದ್ ಆದರೆ ಒಟಿಪಿ ಬರುವುದಿಲ್ಲ, ಸ್ಕಾಲರ್‌ಶಿಪ್ ನಿಲ್ಲುತ್ತದೆ. ಅದಕ್ಕೇ ರೀಚಾರ್ಜ್ ಮೊದಲು, ಊಟ ಆಮೇಲೆ. ಇದು ಶೋಕಿ ಅಲ್ಲ ಸರ್.

ಡಬ್ಬಿಯ ಮಾತಿಗೆ ಬಂದರೆ, ಡಬ್ಬಿ ತರುವವರು ಇದ್ದಾರೆ. ತರಲು ಆಗದವರ ಬಗ್ಗೆ ನಾವು ಮಾತಾಡುತ್ತಿರುವುದು. ಅಕ್ಕಿ ಬರುತ್ತದೆ, ನಿಜ. ಬೇಳೆ, ಎಣ್ಣೆ, ತರಕಾರಿ ಕೊಳ್ಳಬೇಕಲ್ಲ? ಬರೀ ಅನ್ನ ಡಬ್ಬಿಗೆ ಹಾಕಿಕೊಂಡು ನಾಲ್ಕು ಜನರ ಮುಂದೆ ತೆರೆಯಲು ಮನಸ್ಸು ಬರುವುದಿಲ್ಲ. ತೆರೆಯದೆ ವಾಪಸ್ ಒಯ್ದವರನ್ನು ನಾನು ನೋಡಿದ್ದೇನೆ.

ದೇವದುರ್ಗದ ಅಪ್ಪ

ನಾನು ಓದಿದ್ದು ಕಡಿಮೆ. ಮಗನ ಕಡೆ ಹೇಳಿ ಬರೆಸುತ್ತಿದ್ದೇನೆ. ನಾನು, ನನ್ನ ಹೆಂಡತಿ ವರ್ಷದಲ್ಲಿ ಅರ್ಧ ಬೆಂಗಳೂರಿನಲ್ಲಿ ಇರುತ್ತೇವೆ. ಗುಳೆ ಹೋಗುವುದು ನಮ್ಮ ಓಣಿಯಲ್ಲಿ ಹೊಸದಲ್ಲ. ಕಟ್ಟಡದ ಕೆಲಸ. ಮಗಳು ಊರಲ್ಲಿ ಅಜ್ಜಿ ಜೊತೆ ಇದ್ದು ಪಿಯುಸಿಗೆ ಹೋಗುತ್ತಾಳೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಬೆಳಿಗ್ಗೆ ನೀರು ತುಂಬಬೇಕು, ಅಜ್ಜಿಗೆ ಅಡುಗೆ ಮಾಡಿಡಬೇಕು, ಬಸ್ ಹಿಡಿಯಬೇಕು. ಎಲ್ಲಾ ಅವಳೇ. ಅವಳು ಉಂಡಳೋ ಇಲ್ಲವೋ ಎಂದು ನಾವು ಫೋನಿನಲ್ಲಿ ಕೇಳುತ್ತೇವೆ. ಉಂಡೆ ಅನ್ನುತ್ತಾಳೆ.

ಮಧ್ಯಾಹ್ನ ಕಾಲೇಜಿನಲ್ಲಿ ಅನ್ನ ಹಾಕಿದರೆ ನಮ್ಮಂಥವರಿಗೆ ಎಷ್ಟೋ ಧೈರ್ಯ. ಇಷ್ಟೇ ಹೇಳುವುದು.

ರಾಯಚೂರು ನರ್ಸ್

ಆಸ್ಪತ್ರೆ ಕಡೆಯಿಂದ ನನಗೆ ಕಂಡಿದ್ದನ್ನು ಹೇಳುತ್ತೇನೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಜನಕ್ಕೆ ರಕ್ತಹೀನತೆ ಇದೆ. ಅಂದರೆ ಹತ್ತಿರ ಹತ್ತಿರ ಅರ್ಧ. ಕಾಲೇಜಿನ ಹುಡುಗಿಯರು ಇದೇ ವಯಸ್ಸಿನವರು. ತಲೆಸುತ್ತು, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ಬರುತ್ತಾರೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಎಂಟು, ಒಂಬತ್ತು ಇರುವವರು ಬಂದಾಗ ಮೊದಲು ಕೇಳುವುದು ಏನು ತಿಂದಿರಿ ಅಂತ.

ನಾವು ಕಬ್ಬಿಣದ ಮಾತ್ರೆ ಕೊಡುತ್ತೇವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹಲವರಿಗೆ ವಾಕರಿಕೆ ಬರುತ್ತದೆ, ಹೊಟ್ಟೆ ತೊಳಸುತ್ತದೆ. ಹಾಗಾಗಿ ಊಟ ಆದ ಮೇಲೆ ತೆಗೆದುಕೊಳ್ಳಿ ಎನ್ನುತ್ತೇವೆ. ಊಟವೇ ಇಲ್ಲದಿದ್ದರೆ? ಮಾತ್ರೆ ಚೀಲದಲ್ಲೇ ಉಳಿಯುತ್ತದೆ. ಇನ್ನು ಚಹಾ. ಹಸಿವು ಕಟ್ಟಲು ಚಹಾ ಮೇಲೆ ಚಹಾ ಕುಡಿಯುತ್ತಾರೆ. ಚಹಾ ಊಟದಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಮಧ್ಯಾಹ್ನ ಬೇಳೆ, ಸೊಪ್ಪು ಹಾಕಿದ ಸಾರು, ಮೇಲೆ ಒಂದು ತುಂಡು ನಿಂಬೆಹಣ್ಣು ಸಿಕ್ಕರೆ ಎಷ್ಟೋ ವ್ಯತ್ಯಾಸ ಆಗುತ್ತದೆ. ನಿಂಬೆಹಣ್ಣಿನ ಹುಳಿ ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಮೊಟ್ಟೆ ಕೊಟ್ಟರೆ ಇನ್ನೂ ಒಳ್ಳೆಯದು. 2021ರ ಡಿಸೆಂಬರ್‌ನಲ್ಲಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದೂ ನಮ್ಮ ಕಡೆಯ ಜಿಲ್ಲೆಗಳಲ್ಲೇ ಅಲ್ವಾ? ಅಪೌಷ್ಟಿಕತೆ ಇಲ್ಲಿ ಜಾಸ್ತಿ ಇದೆ ಎಂದೇ ಕೊಟ್ಟರು. ಹದಿನಾರು ತುಂಬಿದ ಕೂಡಲೇ ಅದು ಹೋಗಿಬಿಡುತ್ತದೆಯೇ?

ಕುಷ್ಟಗಿ ಅಣ್ಣ

ನಾನು ಬಿಸಿಎಂ ಹಾಸ್ಟೆಲ್‌ನಲ್ಲಿ, ಅಂದರೆ ಹಿಂದುಳಿದ ವರ್ಗದವರ ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದು ಓದಿದವನು. ಈಗ ಕೆಲಸದಲ್ಲಿದ್ದೇನೆ. ಊರ ಕಡೆಯ ಹುಡುಗರಿಗೆ ಅರ್ಜಿ ತುಂಬಿಕೊಡುತ್ತೇನೆ, ಅದಕ್ಕೆ ಸ್ವಲ್ಪ ವಿವರ ಗೊತ್ತು.

ಹಾಸ್ಟೆಲ್ ಸಿಕ್ಕವರಿಗೆ ಊಟದ ಚಿಂತೆ ಬಹಳ ಮಟ್ಟಿಗೆ ಇಲ್ಲ. ರುಚಿ ಹೇಗೇ ಇರಲಿ, ಮೂರು ಹೊತ್ತು ತಟ್ಟೆ ಬರುತ್ತದೆ. ತೊಂದರೆ ಎರಡು ಕಡೆ. ಒಂದು, ಸೀಟು ಕಡಿಮೆ, ಅರ್ಜಿ ಜಾಸ್ತಿ. ಎರಡು, ಕಾಲೇಜು ಶುರುವಾಗಿ ವಾರಗಟ್ಟಲೆ ಆದ ಮೇಲೆ ಆಯ್ಕೆ ಪಟ್ಟಿ ಬರುತ್ತದೆ. ಮೊದಲ ಸೆಮಿಸ್ಟರಿನ ಮಕ್ಕಳು ಅಲ್ಲಿವರೆಗೆ ನೆಂಟರ ಮನೆ, ಗೆಳೆಯರ ರೂಮು ಎಂದು ಕಾಲ ಹಾಕುತ್ತಾರೆ. ಕಾಲೇಜು ಬಿಡುವವರು ಬಿಡುವುದು ಆ ವಾರಗಳಲ್ಲೇ. ಇದನ್ನು ಯಾರಾದರೂ ಗಮನಿಸಬೇಕು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ಊಟ, ವಸತಿಗೆ ಎಂದು ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ದಿನಕ್ಕೆ ಹಾಕಿದರೆ 50 ರೂಪಾಯಿ. ರೂಮಿನ ಬಾಡಿಗೆ, ಮೂರು ಹೊತ್ತಿನ ಊಟ ಎಲ್ಲ ಅದರಲ್ಲೇ ಆಗಬೇಕು. ಅದೂ ತಿಂಗಳು ತಿಂಗಳು ಬರುವುದಿಲ್ಲ. ನಾನು ಅರ್ಜಿ ಹಾಕಿಕೊಟ್ಟ ಹುಡುಗರಿಗೆ ವರ್ಷದ ಕೊನೆಗೆ ಒಟ್ಟಿಗೆ ಬಂದಿದೆ. ಆ ದುಡ್ಡು ಸಾಲ ತೀರಿಸಲು ಹೋಗುತ್ತದೆ. ಮಾರ್ಚ್‌ನಲ್ಲಿ ಬಂದ ದುಡ್ಡಿನಿಂದ ಸೆಪ್ಟೆಂಬರ್‌ನ ಹಸಿವು ನೀಗುವುದಿಲ್ಲ. ಯೋಜನೆ ಒಳ್ಳೆಯದೇ. ಅದನ್ನು ತಿಂಗಳ ಮೊದಲ ವಾರ ಖಾತೆಗೆ ಹಾಕಿದರೆ ಅದೇ ದುಡ್ಡು ಊಟ ಆಗುತ್ತದೆ.

ಮೇಡಂ ಹೇಳಿದ ದಿನಾ ಬಸ್ಸಿಗೆ ಓಡಾಡುವ ಮಕ್ಕಳಿದ್ದಾರಲ್ಲ, ಅವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹಾಸ್ಟೆಲ್ಲಿನವರೂ ಅಲ್ಲ, ರೂಮಿನವರೂ ಅಲ್ಲ. ಬಸ್ ಬಿಟ್ಟಿಯಾದ ಮೇಲೆ ಹಳ್ಳಿಯಿಂದ ಓಡಾಡುವ ಹುಡುಗಿಯರು ಜಾಸ್ತಿ ಆಗಿದ್ದಾರೆ. ಅದು ಖುಷಿಯ ವಿಷಯ. ಬಸ್ಸು ಅವರನ್ನು ಕಾಲೇಜಿನವರೆಗೆ ತಂದು ಬಿಟ್ಟಿತು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಅವರು ಏನು ತಿನ್ನಬೇಕು ಎಂದು ಯಾರೂ ಯೋಚಿಸಲಿಲ್ಲ.

ಬಳ್ಳಾರಿ ಜೀನ್ಸ್

ಇಂದಿರಾ ಕ್ಯಾಂಟೀನ್ ಮಾತೂ ಹೇಳಬೇಕು. ಬೆಳಿಗ್ಗೆ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ನಮ್ಮಂಥವರಿಗೆ ಅದು ದೊಡ್ಡ ಆಸರೆ. ಆದರೆ ಕ್ಯಾಂಟೀನ್ ಇರುವುದು ಆಸ್ಪತ್ರೆ ಹತ್ತಿರ, ಬಸ್ ಸ್ಟ್ಯಾಂಡ್ ಹತ್ತಿರ. ಮುಕ್ಕಾಲು ಗಂಟೆಯ ಬಿಡುವಿನಲ್ಲಿ ಹೋಗಿ, ಸಾಲು ನಿಂತು, ಉಂಡು ಬರಲು ಆಗುವುದಿಲ್ಲ. ಹೋಗುವ ಹೊತ್ತಿಗೆ ಟೋಕನ್ ಮುಗಿದಿರುವುದೂ ಉಂಟು. ಅದೇ ಅಡುಗೆಮನೆಯಿಂದ ಒಂದು ಗಾಡಿಯಲ್ಲಿ ಊಟ ಕಾಲೇಜಿನ ಗೇಟಿಗೆ ಬಂದರೆ? 10 ರೂಪಾಯಿ ಕೊಟ್ಟೇ ತಿನ್ನುತ್ತೇವೆ. ಬಿಟ್ಟಿ ಕೇಳುತ್ತಿಲ್ಲ.

ಸಿರುಗುಪ್ಪ ಗಡಿ

ನಮ್ಮದು ಗಡಿ ತಾಲ್ಲೂಕು. ಆಚೆ ಆದೋನಿ ಕಡೆ ನೆಂಟರಿದ್ದಾರೆ. ಆಂಧ್ರದಲ್ಲಿ 2025ರ ಜನವರಿಯಿಂದ ಸರ್ಕಾರಿ ಜೂನಿಯರ್ ಕಾಲೇಜುಗಳಲ್ಲಿ ಮಧ್ಯಾಹ್ನದ ಊಟ ಕೊಡುತ್ತಿದ್ದಾರೆ. ಜೂನಿಯರ್ ಕಾಲೇಜು ಅಂದರೆ ನಮ್ಮ ಪಿಯು. ಯೋಜನೆಗೆ ಡೊಕ್ಕಾ ಸೀತಮ್ಮ ಎಂಬ ತಾಯಿಯ ಹೆಸರು ಇಟ್ಟಿದ್ದಾರೆ. ಗೋದಾವರಿ ಸೀಮೆಯಲ್ಲಿ ಹಸಿದು ಬಂದವರಿಗೆಲ್ಲ ಅನ್ನ ಹಾಕಿದ ಮಹಾತಾಯಿ ಅವರು.

ನನಗೆ ಹಿಡಿಸಿದ್ದು ಅವರು ಮಾಡಿದ ರೀತಿ. ಹೆಚ್ಚಿನ ಕಾಲೇಜುಗಳಿಗೆ ಹೊಸ ಅಡುಗೆಮನೆ ಕಟ್ಟಲಿಲ್ಲ. ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಹೇಗೂ ಬೇಯುತ್ತದೆ. ಅಲ್ಲೇ ಇನ್ನಷ್ಟು ಜಾಸ್ತಿ ಬೇಯಿಸಿ ಕಾಲೇಜಿಗೆ ತರುತ್ತಾರೆ. ನಮ್ಮಲ್ಲೂ ಎಷ್ಟೋ ಪಿಯು ಕಾಲೇಜುಗಳು ಹೈಸ್ಕೂಲಿನ ಆವರಣದಲ್ಲೇ ಇವೆ. ಹತ್ತನೇ ಕ್ಲಾಸಿನ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಾರೆ. ಅದೇ ಮೈದಾನದ ಇನ್ನೊಂದು ಬದಿಯಲ್ಲಿ ಪಿಯುಸಿ ಮಕ್ಕಳು ಸುಮ್ನೆ ಕೂತಿರುತ್ತಾರೆ. ಹೋದ ವರ್ಷ ಅದೇ ಸಾಲಿನಲ್ಲಿ ಕೂತು ಉಂಡವರು ಅವರು.

ಬಿಸಿಯೂಟದ ಅಮ್ಮನ ಮಗಳು

ನಮ್ಮ ಅಮ್ಮ ಗಂಗಾವತಿ ತಾಲ್ಲೂಕಿನ ಶಾಲೆಯಲ್ಲಿ ಅಡುಗೆ ಸಿಬ್ಬಂದಿ. ಈ ಚರ್ಚೆ ಓದಿ ಹೇಳಿದೆ. ಅಮ್ಮನ ಮಾತು ಹೀಗಿದೆ.

ಅಡುಗೆ ಜಾಸ್ತಿ ಮಾಡುವುದು ದೊಡ್ಡ ಕೆಲಸ ಅಲ್ಲ. ದೊಡ್ಡ ಪಾತ್ರೆ ಬೇಕು, ಇನ್ನೊಂದು ಒಲೆ ಬೇಕು, ಇನ್ನಿಬ್ಬರು ಕೈ ಬೇಕು. ಈಗ ಇರುವವರ ಮೇಲೇ ಹೇರಿದರೆ ಆಗುವುದಿಲ್ಲ. ಗೌರವಧನ ಎಷ್ಟು ಕಡಿಮೆ ಎಂದು ಎಲ್ಲರಿಗೂ ಗೊತ್ತಿದೆ, ಅದಕ್ಕಾಗಿ ಎಷ್ಟು ಸಲ ಬೀದಿಗೆ ಇಳಿದಿದ್ದಾರೆ ಎಂಬುದೂ ಗೊತ್ತಿದೆ. ಕಾಲೇಜಿನ ಮಕ್ಕಳ ಊಟ ಸೇರಿಸುವುದಾದರೆ ಅಡುಗೆಯವರ ಸಂಬಳವನ್ನೂ ಅದೇ ಕಾಗದದಲ್ಲಿ ಬರೆಯಬೇಕು. ಅಮ್ಮ ಇದನ್ನು ಒತ್ತಿ ಹೇಳಿದರು.

ಇನ್ನೊಂದು ಮಾತು. ಕಾಲೇಜಿನ ಮಕ್ಕಳು ಚಿಕ್ಕವರಂತೆ ಅಲ್ಲ, ಜಾಸ್ತಿ ಉಣ್ಣುತ್ತಾರೆ. ಶಾಲೆಯ ಅಳತೆ ಇಟ್ಟರೆ ಅರ್ಧ ಹೊಟ್ಟೆ ಆಗುತ್ತದೆ. ಆರರಿಂದ ಎಂಟನೇ ಕ್ಲಾಸಿನವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಎಂದು ನಿಗದಿ ಇದೆ. ದೊಡ್ಡ ಹುಡುಗರಿಗೆ 200 ಗ್ರಾಂ ಅಕ್ಕಿಯಾದರೂ ಹಿಡಿಯಬೇಕು ಅನ್ನುತ್ತಾರೆ ಅಮ್ಮ.

ಗಂಗಾವತಿ ರೈಸ್ ಮಿಲ್

ಅಕ್ಕಿ ವ್ಯವಹಾರದಲ್ಲಿ ಇರುವವನು ನಾನು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬದುಕುವ ಊರು ನಮ್ಮದು. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ಎಲ್ಲೆಲ್ಲಿಗೋ ಹೋಗುತ್ತದೆ. ಇಷ್ಟು ಅಕ್ಕಿ ಬೆಳೆಯುವ ನೆಲದಲ್ಲಿ ಓದುವ ಮಕ್ಕಳು ಮಧ್ಯಾಹ್ನ ಉಪವಾಸ ಇದ್ದಾರೆ ಎಂದು ಓದಿ ಸಂಕಟ ಆಯಿತು. ಲೆಕ್ಕ ಹಾಕಿ ನೋಡಿದೆ.

ಒಬ್ಬರಿಗೆ ಅಕ್ಕಿ 200 ಗ್ರಾಂ. ಕೆಜಿಗೆ 45 ಹಿಡಿದರೆ 9 ರೂಪಾಯಿ. ಬೇಳೆಗೆ 4, ತರಕಾರಿಗೆ 4, ಎಣ್ಣೆ ಮಸಾಲೆಗೆ 2, ಗ್ಯಾಸಿಗೆ 2. ವಾರಕ್ಕೆ ಎರಡು ಮೊಟ್ಟೆ ಹಿಡಿದರೆ ದಿನಕ್ಕೆ ಇನ್ನೂ ಎರಡೂವರೆ ಸೇರುತ್ತದೆ. ಬೆಲೆ ಏರಿಳಿತ ಇರುತ್ತದೆ, ಹಾಗಾಗಿ 25 ರೂಪಾಯಿ ಇಟ್ಟುಕೊಳ್ಳಿ. 200 ಮಕ್ಕಳು, ವರ್ಷಕ್ಕೆ 200 ದಿನ ಅಂದರೆ 10 ಲಕ್ಷ. ಅಡುಗೆಯವರ ಸಂಬಳ ಬೇರೆ. ಶಾಲೆಗಳಲ್ಲಿ ಇದಕ್ಕಿಂತ ಕಡಿಮೆಗೆ ನಡೆಯುತ್ತದೆ. 2025ರ ಮೇ ತಿಂಗಳಿನಿಂದ ಆರರಿಂದ ಎಂಟನೇ ಕ್ಲಾಸಿಗೆ ಒಂದು ಊಟದ ಸಾಮಗ್ರಿ ದರ 10 ರೂಪಾಯಿ 17 ಪೈಸೆ. ಅಲ್ಲಿ ಅಕ್ಕಿಯನ್ನು ಸರ್ಕಾರ ಬೇರೆಯಾಗಿ ಕೊಡುತ್ತದೆ, ಅದಕ್ಕೆ ಅಷ್ಟು ಕಡಿಮೆ. ಕಾಲೇಜಿಗೂ ಸರ್ಕಾರ ಅಕ್ಕಿ ಕೊಟ್ಟರೆ ಉಳಿದದ್ದು 16 ರೂಪಾಯಿಯಲ್ಲಿ ಆಗುತ್ತದೆ.

ಅಕ್ಕಿ ಕೊಡಲು ನಮ್ಮಲ್ಲಿ ಕೆಲವರು ಮುಂದೆ ಬರುತ್ತಾರೆ. ಮೊದಲ ಸೆಮಿಸ್ಟರಿಗೆ ನಾನು ಮಾತಾಡಿ ನೋಡುತ್ತೇನೆ. ಆದರೆ ಸುಗ್ಗಿ ಚೆನ್ನಾದ ವರ್ಷ ಕೊಡುವವರು ನೀರು ಬಾರದ ವರ್ಷ ಕೈಚೆಲ್ಲುತ್ತಾರೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದಾಗ ಇಡೀ ಸೀಮೆ ಹೇಗೆ ನಡುಗಿತು, ನೆನಪಿದೆಯಲ್ಲ? ಬರೀ ದಾನ ನಂಬಿಕೊಂಡು ಮಕ್ಕಳ ಊಟ ನಡೆಸಬಾರದು.

ಕೊಪ್ಪಳದವಳು

ದಾನದ ಮಾತಿಗೆ ನಾನೂ ಸೇರಿಸುತ್ತೇನೆ. ಗವಿಮಠದ ಜಾತ್ರೆಯ ದಾಸೋಹ ನೋಡಿದವರಿಗೆ ಗೊತ್ತು. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಲ್ಲಿ ಜೋಳದ ರೊಟ್ಟಿ ಬರುತ್ತದೆ. ಮನೆಮನೆಯಲ್ಲಿ ಹೆಣ್ಣುಮಕ್ಕಳು ತಟ್ಟಿ ಕಳಿಸಿದ ರೊಟ್ಟಿ. ಮಠದ ವಿದ್ಯಾರ್ಥಿ ನಿಲಯದಲ್ಲಿ ಸಾವಿರಾರು ಬಡ ಮಕ್ಕಳು ಬಿಟ್ಟಿ ಉಂಡು ಓದುತ್ತಿದ್ದಾರೆ. ನಮ್ಮ ಮನೆಯಲ್ಲೇ ಹಾಗೆ ಓದಿದವರಿದ್ದಾರೆ. ಅಲ್ಲಿ ಸೀಟು ಸಿಗದೆ ಅತ್ತು ವಾಪಸ್ ಹೋಗುವ ತಂದೆತಾಯಿಗಳನ್ನೂ ಕಂಡಿದ್ದೇನೆ. ಮಠ ಎಷ್ಟು ಜನರನ್ನು ಸಾಕಲು ಸಾಧ್ಯ? ಮಠ ಮಾಡುತ್ತಿದೆ ಎಂದು ಉಳಿದವರು ಕೈಕಟ್ಟಿ ಕೂರುವುದು ಸರಿ ಅಲ್ಲ.

ರೊಟ್ಟಿಯ ಬಗ್ಗೆ ಒಂದು ಸಲಹೆ. ದಿನಾ ಅನ್ನವೇ ಯಾಕೆ? ನಮ್ಮ ಕಡೆ ರೊಟ್ಟಿ ತಟ್ಟಿ ಮಾರಿ ಮನೆ ನಡೆಸುವ ಹೆಣ್ಣುಮಕ್ಕಳು ಎಲ್ಲ ಊರಲ್ಲೂ ಇದ್ದಾರೆ. ಸ್ವಸಹಾಯ ಸಂಘಗಳಿವೆ. ವಾರಕ್ಕೆ ಎರಡು ದಿನ ಖಡಕ್ ರೊಟ್ಟಿ ಅವರಿಂದ ಕೊಂಡರೆ ಅವರಿಗೂ ಕೆಲಸ, ಮಕ್ಕಳಿಗೂ ಗಟ್ಟಿ ಊಟ. ಖಡಕ್ ರೊಟ್ಟಿ ಕೆಡುವುದಿಲ್ಲ, ಆ ದಿನ ಬರೀ ಪಲ್ಯ, ಬೇಳೆ ಮಾಡಿದರೆ ಸಾಕು. ಅಡುಗೆಯವರಿಗೂ ಹಗುರ.

ಹೆಸರು ಬೇಡ, ಬಿಎ ಮೊದಲ ವರ್ಷ

ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಬೇಕು ಅನ್ನಿಸಿತು.

ದಯವಿಟ್ಟು ಬಡ ವಿದ್ಯಾರ್ಥಿಗಳ ಪಟ್ಟಿ ಮಾಡಬೇಡಿ. ನಮ್ಮ ಕ್ಲಾಸಿನಲ್ಲಿ ಒಮ್ಮೆ ಯಾರೋ ದಾನಿಗಳು ಪುಸ್ತಕ ಕೊಡಲು ಬಂದಿದ್ದರು. ಹೆಸರು ಕೂಗಿ ವೇದಿಕೆಗೆ ಕರೆದರು. ಫೋಟೊ ತೆಗೆದರು. ಆ ಫೋಟೊ ಎಲ್ಲರ ಸ್ಟೇಟಸ್‌ನಲ್ಲಿ ಬಂತು. ಆಮೇಲೆ ನಮ್ಮಲ್ಲಿ ಇಬ್ಬರು ವಾರಗಟ್ಟಲೆ ಕಾಲೇಜಿಗೆ ಬರಲಿಲ್ಲ. ಊಟಕ್ಕೂ ಹಾಗೆ ಮಾಡಿದರೆ ಯಾರೂ ತಟ್ಟೆ ಹಿಡಿಯುವುದಿಲ್ಲ. ಹಸಿದೇ ಇರುತ್ತೇವೆ.

ಎಲ್ಲರೂ ಉಣ್ಣುವುದಾದರೆ ನಾನೂ ಉಣ್ಣುತ್ತೇನೆ. ಮೇಡಂ, ನೀವೂ ನಮ್ಮ ಜೊತೆ ಕೂತು ಉಣ್ಣಬೇಕು.

ಹೊರದೇಶದ ಬಳ್ಳಾರಿಯವ

ಈ ತಂಗಿ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ನಾನು ಕೌಲ್ ಬಜಾರಿನಲ್ಲಿ ಬೆಳೆದವನು, ಈಗ ಅಮೆರಿಕದಲ್ಲಿ ಓದುತ್ತಿದ್ದೇನೆ. ಇಲ್ಲೂ ಕಾಲೇಜು ಮಕ್ಕಳ ಹಸಿವು ದೊಡ್ಡ ಚರ್ಚೆ. ಶ್ರೀಮಂತ ದೇಶದಲ್ಲಿ ಇದೆಂಥದ್ದು ಎಂದು ನನಗೂ ಮೊದಲು ಆಶ್ಚರ್ಯ ಆಯಿತು. ಶುಲ್ಕ, ಬಾಡಿಗೆ ಕಟ್ಟಿದ ಮೇಲೆ ಊಟಕ್ಕೆ ಉಳಿಯುವುದಿಲ್ಲ. ಸರ್ಕಾರದ ಆಹಾರ ನೆರವು ಇದೆ, ಆದರೆ ಪೂರ್ತಿ ಹೊತ್ತು ಓದುವವರಿಗೆ ವಾರಕ್ಕೆ 20 ಗಂಟೆ ದುಡಿಯಬೇಕು ಎಂಬಂಥ ಷರತ್ತುಗಳಿವೆ. ನಮ್ಮಂಥ ವಿದೇಶಿ ವಿದ್ಯಾರ್ಥಿಗಳಿಗೆ ಅದು ಇಲ್ಲವೇ ಇಲ್ಲ.

ಹಾಗಾಗಿ ವಿಶ್ವವಿದ್ಯಾಲಯಗಳೇ ಒಳಗೆ ದಿನಸಿ ಕೋಣೆ ಇಟ್ಟಿವೆ. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ 1993ರಲ್ಲಿ ಇಂಥದ್ದನ್ನು ಶುರು ಮಾಡಿದರು. ಈಗ ನೂರಾರು ಕಾಲೇಜುಗಳಲ್ಲಿ ಇದೆ. ನಾನು ಹೋಗುವ ಕಡೆ ಕಾಲೇಜಿನ ಗುರುತಿನ ಚೀಟಿ ತೋರಿಸಿದರೆ ಸಾಕು. ಅಕ್ಕಿ, ಬೇಳೆ, ಹಣ್ಣು ತೆಗೆದುಕೊಂಡು ಬರಬಹುದು. ನಿನ್ನ ಅಪ್ಪನ ಆದಾಯ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಬಳ್ಳಾರಿಗೆ ದಿನಸಿ ಕೋಣೆ ಹೊಂದುತ್ತದೋ ಇಲ್ಲವೋ, ನನ್ನ ಮಟ್ಟಿಗೆ ನಮ್ಮ ಕಡೆ ಬೇಯಿಸಿದ ಊಟವೇ ಸರಿ. ಕೇಳದೆ ಕೊಡುವ ಆ ರೀತಿ ಮಾತ್ರ ಎಲ್ಲ ಕಡೆಗೂ ಬೇಕು.

ಲಿಂಗಸುಗೂರು ಮಾಸ್ತರ್

ಎಲ್ಲರ ಮಾತು ಓದಿದೆ. ದೇವದುರ್ಗದ ತಂದೆಯ ಮಾತು ಮನಸ್ಸಿಗೆ ತಾಗಿತು. ಊಟ ಬೇಕು ಎಂಬುದರಲ್ಲಿ ಈಗ ನನ್ನ ತಕರಾರು ಇಲ್ಲ. ನಡೆಸುವುದು ಹೇಗೆ ಎಂಬುದರಲ್ಲಿ ಇದೆ. ಶಾಲೆಯಲ್ಲಿ ನಾನು ಬಿಸಿಯೂಟದ ಜವಾಬ್ದಾರಿ ಹೊತ್ತಿದ್ದೆ. ಲೆಕ್ಕದ ಪುಸ್ತಕ, ದಾಸ್ತಾನು, ಅಕ್ಕಿಗೆ ಹುಳು, ಸಿಲಿಂಡರ್ ತಡ, ಇವುಗಳಲ್ಲೇ ದಿನ ಹೋಗುತ್ತಿತ್ತು. ಪಾಠ ಹಿಂದೆ ಬೀಳುತ್ತಿತ್ತು. ಕಾಲೇಜಿನಲ್ಲಿ ಉಪನ್ಯಾಸಕರ ಮೇಲೆ ಇದನ್ನು ಹಾಕಬೇಡಿ. ಅತಿಥಿ ಉಪನ್ಯಾಸಕರ ಮೇಲೆ ಅಂತೂ ಬೇಡವೇ ಬೇಡ. ನಿಮ್ಮ ಗೌರವಧನವೇ ಸಮಯಕ್ಕೆ ಬರುವುದಿಲ್ಲ.

ದುಡ್ಡಿನ ದಾರಿ ಇದೆ. ಪ್ರತಿ ಸರ್ಕಾರಿ ಪದವಿ ಕಾಲೇಜಿಗೂ ಕಾಲೇಜು ಅಭಿವೃದ್ಧಿ ಸಮಿತಿ ಇದೆ, ಶಾಸಕರು ಅದರ ಅಧ್ಯಕ್ಷರು. ಮೊದಲ ಅರ್ಜಿ ಅಲ್ಲಿಗೆ ಹೋಗಬೇಕು. ಬಳ್ಳಾರಿಯವರಿಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಬಂದದ್ದು ಅದು. ಶಿಕ್ಷಣ, ಆರೋಗ್ಯ, ಮಹಿಳೆ ಮತ್ತು ಮಕ್ಕಳು ಅದರ ಆದ್ಯತೆಯಲ್ಲೇ ಇವೆ. ಸಂಡೂರಿನ ಅದಿರಿನಿಂದ ಬಂದ ದುಡ್ಡಿನಲ್ಲಿ ಸಂಡೂರಿನ ಮಕ್ಕಳಿಗೆ ಊಟ ಕೇಳುವುದು ತಪ್ಪಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಿಸಿದ್ದಾರೆ. ಕೊಠಡಿ ಕಟ್ಟುತ್ತಾರೆ, ಸಂತೋಷ. ಆ ಕೊಠಡಿಯಲ್ಲಿ ಕೂರುವವರ ಹೊಟ್ಟೆಗೂ ಅದರಲ್ಲಿ ಒಂದು ಪಾಲು ಕೇಳೋಣ.

ಸಿಂಧನೂರು ಮೇಡಂ

ಎಲ್ಲರಿಗೂ ಧನ್ಯವಾದ. ಓದುತ್ತಾ ಓದುತ್ತಾ ನನಗೆ ದಾರಿ ಸ್ವಲ್ಪ ಸ್ಪಷ್ಟ ಆಯಿತು.

ಪಟ್ಟಿ ಬೇಡ ಎಂದು ಆ ಹುಡುಗಿ ಹೇಳಿದ್ದು ನನಗೆ ಎಲ್ಲಕ್ಕಿಂತ ಮುಖ್ಯ. ಫೋಟೊ ಇಲ್ಲ, ವೇದಿಕೆ ಇಲ್ಲ, ದಾನಿಗಳ ಬ್ಯಾನರ್ ಇಲ್ಲ. ಮಿಲ್ಲಿನವರೂ ಇದಕ್ಕೆ ಒಪ್ಪಬೇಕು. ಖಂಡಿತ ಉಪನ್ಯಾಸಕರೂ ಅದೇ ಸಾಲಿನಲ್ಲಿ ಕೂರುತ್ತೇವೆ.

ಸಿರುಗುಪ್ಪದವರು ಹೇಳಿದ ಹಾಗೆ ಪಿಯು ಕಾಲೇಜು ಹೈಸ್ಕೂಲಿನ ಆವರಣದಲ್ಲೇ ಇರುವ ಕಡೆ ಮೊದಲು ಕೇಳೋಣ. ಅಲ್ಲಿ ಅಡುಗೆಮನೆ ಇದೆ, ಅಭ್ಯಾಸ ಇದೆ. ಪದವಿ ಕಾಲೇಜಿಗೆ ಕ್ಯಾಂಟೀನ್ ಗಾಡಿಯ ಸಲಹೆ ಹೊಂದುತ್ತದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಎರಡೂ ಆಗುವುದಿಲ್ಲ. ಬೇರೆ ಬೇರೆ ಬರೆಯಬೇಕು. ಅಡುಗೆಯವರ ಸಂಬಳದ ಸಾಲು ಎರಡರಲ್ಲೂ ಇರಲಿ. ವಿದ್ಯಾಸಿರಿ ತಿಂಗಳು ತಿಂಗಳು ಬರಬೇಕು ಎಂಬುದು ಮೂರನೆಯ ಅರ್ಜಿ, ಅದನ್ನು ಕುಷ್ಟಗಿ ಅಣ್ಣ ಬರೆದರೆ ಚೆನ್ನ. ನರ್ಸ್ ಅಕ್ಕ, ನಮ್ಮ ಕಾಲೇಜಿನಲ್ಲಿ ಒಂದು ದಿನ ಹಿಮೋಗ್ಲೋಬಿನ್ ಪರೀಕ್ಷೆ ಇಡಲು ಸಾಧ್ಯವೇ? ಅರ್ಜಿಯ ಜೊತೆ ಆ ಲೆಕ್ಕ ಇದ್ದರೆ ಯಾರೂ ಇದನ್ನು ಸೋಮಾರಿತನ ಅನ್ನುವುದಿಲ್ಲ.

ರಾಯಚೂರು ನರ್ಸ್

ಆಗುತ್ತದೆ ಮೇಡಂ. ಕಾಲೇಜಿನಿಂದ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಒಂದು ಪತ್ರ ಬೇಕು. ವರದಿ ಅವರವರ ಕೈಗೇ ಕೊಡಬೇಕು, ಗೋಡೆಗೆ ಅಂಟಿಸಬಾರದು. ಅರ್ಜಿಗೆ ಒಟ್ಟು ಲೆಕ್ಕ ಮಾತ್ರ ಸಾಕು. ಪರೀಕ್ಷೆ ಬೆಳಿಗ್ಗೆ ಇಟ್ಟರೆ ತಲೆಸುತ್ತಿ ಬೀಳುವವರು ಇರುತ್ತಾರೆ, ಆ ದಿನ ಬಾಳೆಹಣ್ಣು ತಂದಿಡಿ.

ಲಿಂಗಸುಗೂರು ಮಾಸ್ತರ್

ಸಮಿತಿಗೆ ಹೋಗುವ ಅರ್ಜಿ ನಾನು ಬರೆದುಕೊಡುತ್ತೇನೆ. ಕಚೇರಿ ಭಾಷೆ ನನಗೆ ರೂಢಿ ಇದೆ. ನನಗೆ ಬೇಕಾದದ್ದು ಇಷ್ಟು. ಕಾಲೇಜಿನ ಒಟ್ಟು ದಾಖಲಾತಿ, ಅದರಲ್ಲಿ ದಿನಾ ಬಸ್ಸಿಗೆ ಬರುವವರು ಎಷ್ಟು, ಬೆಳಿಗ್ಗೆ ಮನೆ ಬಿಡುವ ಹೊತ್ತು, ವಾಪಸ್ ಮುಟ್ಟುವ ಹೊತ್ತು. ನಡುವೆ ಎಷ್ಟು ಗಂಟೆ ಎಂದು ಅಧಿಕಾರಿಗಳು ಕಣ್ಣಾರೆ ಓದಲಿ.

ಮಾನ್ವಿ ಹುಡುಗ

ಸರ್, ರಾಯಚೂರಿನ ನಮ್ಮ ಕಾಲೇಜಿನ ಲೆಕ್ಕ ನಾವು ಹುಡುಗರೇ ಮಾಡಿ ಕೊಡುತ್ತೇವೆ. ಕ್ಲಾಸಿಗೆ ಒಂದು ಹಾಳೆ ಹಿಡಿದು ಹೋಗುತ್ತೇವೆ. ಹೆಸರು ಬರೆಸುವುದಿಲ್ಲ. ಊರು, ಬಸ್ಸಿನ ಹೊತ್ತು, ಮಧ್ಯಾಹ್ನ ಡಬ್ಬಿ ತರುತ್ತೀರಾ ಇಲ್ಲವಾ, ಇಷ್ಟೇ ಕೇಳುತ್ತೇವೆ. ರೂಮಿನವರದ್ದು ಬೇರೆ ಹಾಳೆ. ಸಿಂಧನೂರಿನ ಹಾಳೆ ಯಾರು ಮಾಡುತ್ತೀರಿ?

ಹೆಸರು ಬೇಡ, ಬಿಎ ಮೊದಲ ವರ್ಷ

ಸಿಂಧನೂರಿನದ್ದು ನಾನು ಮತ್ತು ನನ್ನ ಗೆಳತಿಯರು ಮಾಡುತ್ತೇವೆ. ಹುಡುಗಿಯರದ್ದು ಪೂರ್ತಿ ಆಗುತ್ತದೆ. ಹುಡುಗರ ಕಡೆ ಒಬ್ಬರು ಬೇಕು, ಮೇಡಂ ನೀವೇ ಯಾರಿಗಾದರೂ ಹೇಳಿ.